ಸಂದೇಹವನ್ನು ಗೆದ್ದ ಜೇಡವೀರ

ತನ್ನ ಶಕ್ತಿಯ ಮಿತಿ ಎಷ್ಟೆಂಬುದು ಗೊತ್ತಾದ ದಿನದಿಂದಲೇ, ಆ ಮಿತಿಯನ್ನು ಮೀರಿದವರ ಕತೆಗಳನ್ನು ಹೇಳುವ ಅಭ್ಯಾಸವೂ ಮನುಷ್ಯನಿಗೆ ಬಂದಿರಬೇಕು. ಸಮುದ್ರವನ್ನು ಒಂದೇ ನೆಗೆತಕ್ಕೆ ದಾಟಿದ ಹನುಮಂತನ ಕತೆಯನ್ನೂ, ಬಂಡಿ ಅನ್ನವನ್ನು ಉಂಡು ಬಕನನ್ನು ಕೊಂದ ಭೀಮನ ಕತೆಯನ್ನೂ ಕೇಳದೆ ಬೆಳೆದ ಮಕ್ಕಳು ನಮ್ಮಲ್ಲಿ ವಿರಳ. ಅಮೆರಿಕದ ನಗರಗಳಲ್ಲಿ ಇಂತಹ ಹಂಬಲವೇ ಅಗ್ಗದ ಬಣ್ಣದ ಚಿತ್ರಪುಸ್ತಕಗಳ ರೂಪವನ್ನು ತಾಳಿತು. 1938ರಲ್ಲಿ ಸೂಪರ್‌ಮ್ಯಾನ್ ಹುಟ್ಟಿದನು, 1939ರಲ್ಲಿ ಬ್ಯಾಟ್‌ಮ್ಯಾನ್, 1962ರಲ್ಲಿ ಸ್ಟ್ಯಾನ್ ಲೀ ಮತ್ತು ಸ್ಟೀವ್ ಡಿಟ್ಕೋ ಎಂಬಿಬ್ಬರ ಕಲ್ಪನೆಯಿಂದ ಸ್ಪೈಡರ್-ಮ್ಯಾನ್ ಎಂಬ ಜೇಡವೀರನು ಹೊರಬಂದನು. ಇವನ ಮೇಲೆ ನನಗಿರುವ ಅಭಿಮಾನವು ಬಹಳ ಹಳೆಯದು. ಆ ಅಭಿಮಾನಕ್ಕೆ ಒಮ್ಮೆ ಒದಗಿದ ಸಂದೇಹವನ್ನೂ, ಆ ಸಂದೇಹವನ್ನು ಒಂದು ಚಲನಚಿತ್ರವು ಗೆದ್ದ ಬಗೆಯನ್ನೂ ವಿದ್ಯಾರ್ಥಿಮಿತ್ರರಿಗೆ ಹೇಳುವುದು ಈ ಲೇಖನದ ಉದ್ದೇಶ.

ಬೇರೆ ವೀರರನ್ನೆಲ್ಲ ಬಿಟ್ಟು ಈ ಜೇಡವೀರನೇ ನನಗೆ ಏಕೆ ಹಿಡಿಸಿದನು? ಸೂಪರ್‌ಮ್ಯಾನ್ ಬೇರೊಂದು ಲೋಕದಿಂದ ಬಂದವನು, ಬ್ಯಾಟ್‌ಮ್ಯಾನ್ ಕೋಟ್ಯಧೀಶ. ಪೀಟರ್ ಪಾರ್ಕರನಾದರೋ ತಂದೆತಾಯಿಗಳಿಲ್ಲದೆ ಚಿಕ್ಕಪ್ಪ ಚಿಕ್ಕಮ್ಮಂದಿರ ಮನೆಯಲ್ಲಿ ಬೆಳೆದ ಸಾಧಾರಣ ವಿದ್ಯಾರ್ಥಿ. ಖಳರೊಡನೆ ಹೋರಾಡಿ ದಣಿದು ಬಂದವನು ಮರುದಿನದ ಪಾಠವನ್ನೂ ಓದಬೇಕು; ತಿಂಗಳ ಕೊನೆಯಲ್ಲಿ ಬಾಡಿಗೆಯ ಚಿಂತೆ ಬೇರೆ. ಹಗಲಿಗೊಂದು ವೇಷ, ಇರುಳಿಗೊಂದು ವೇಷ. ಮುಂಬಯಿಯ ಕನ್ನಡಿಗರಿಗೆ ಇದು ಅಪರಿಚಿತವಾದ ಬಾಳಲ್ಲ. ಊರಿನಿಂದ ಬರಿಗೈಯಲ್ಲಿ ಬಂದು, ಹಗಲೆಲ್ಲ ಉಡುಪಿ ಹೋಟೆಲಿನಲ್ಲಿ ದುಡಿದು, ರಾತ್ರಿ ಕನ್ನಡ ಶಾಲೆಯ ಬೆಂಚಿನ ಮೇಲೆ ಕುಳಿತು ಓದಿ ಪರೀಕ್ಷೆಗಳನ್ನು ಮುಗಿಸಿದವರು ಈ ನಗರದಲ್ಲಿ ಎಷ್ಟೋ ಮಂದಿ. ನನ್ನ ತಂದೆಯವರೂ ಅವರಲ್ಲಿ ಒಬ್ಬರು. ಬಟ್ಟೆಯ ಮುಖವಾಡವೊಂದನ್ನು ಬಿಟ್ಟರೆ, ಪೀಟರ್ ಪಾರ್ಕರನ ಕಷ್ಟಸುಖಗಳಲ್ಲಿ ನನಗೆ ಅರ್ಥವಾಗದ್ದು ಯಾವುದೂ ಇರಲಿಲ್ಲ.

ಕನ್ನಡ ಮಾಧ್ಯಮದಲ್ಲಿ ಓದುತ್ತಿದ್ದ ನನಗೆ ಆ ಪುಸ್ತಕಗಳು ದೊರೆಯುತ್ತಿದ್ದುದು ಮಾಟುಂಗದ ಕಿಂಗ್ಸ್ ಸರ್ಕಲ್ಲಿನ ಕಾಲುದಾರಿಯ ಹಳೆಯ ಪುಸ್ತಕಗಳ ರಾಶಿಯಲ್ಲಿ. ಕೆಲವಕ್ಕೆ ರಟ್ಟಿರುತ್ತಿರಲಿಲ್ಲ, ಕೆಲವಕ್ಕೆ ಕೊನೆಯ ಪುಟವೇ ಇರುತ್ತಿರಲಿಲ್ಲ. ಕೊನೆಯ ಪುಟವಿಲ್ಲದ ಕತೆಯನ್ನು ನಾನೇ ಮನಸ್ಸಿನಲ್ಲಿ ಪೂರ್ತಿಗೊಳಿಸಿಕೊಳ್ಳುತ್ತಿದ್ದೆನು. ಅರ್ಥವಾಗದ ಇಂಗ್ಲಿಷ್ ಶಬ್ದಗಳಿಗೆ ನಿಘಂಟನ್ನು ತೆರೆದು, ಅದರ ಪಕ್ಕದಲ್ಲಿ ಸೀಸದಕಡ್ಡಿಯಿಂದ ಕನ್ನಡದ ಅರ್ಥವನ್ನು ಬರೆದಿಡುತ್ತಿದ್ದೆನು. ವ್ಯಾಕರಣದ ಪುಸ್ತಕವು ನನಗೆ ಕಲಿಸಿದ ಇಂಗ್ಲಿಷಿಗಿಂತ ಈ ಜೇಡವೀರನು ಕಲಿಸಿದ ಇಂಗ್ಲಿಷೇ ಹೆಚ್ಚೆಂದರೆ ಉತ್ಪ್ರೇಕ್ಷೆಯಾಗಲಾರದು.

ಇಷ್ಟು ಸಲಿಗೆಯಿರುವವನಿಗೆ ಸಂದೇಹವೂ ಹೆಚ್ಚು. ಮಗನನ್ನು ಪರಸ್ಥಳಕ್ಕೆ ಕಳುಹಿಸುವ ತಾಯಿಗಿರುವ ಅಂಜಿಕೆಯು ನೆರೆಮನೆಯವರಿಗೆ ಇರುವುದುಂಟೇ? 2002ರಿಂದ 2017ರ ವರೆಗಿನ ಹದಿನೈದು ವರ್ಷಗಳಲ್ಲಿ ಸ್ಪೈಡರ್-ಮ್ಯಾನನ ಹೆಸರು ಹೊತ್ತ ಆರು ದೊಡ್ಡ ಚಿತ್ರಗಳು ಬಂದಿದ್ದವು. ಟೋಬಿ ಮ್ಯಾಗ್ವಾಯರ್, ಆ್ಯಂಡ್ರೂ ಗಾರ್‌ಫೀಲ್ಡ್, ಟಾಮ್ ಹಾಲೆಂಡ್ ಎಂಬ ಮೂವರು ನಟರು ಒಬ್ಬರ ಹಿಂದೊಬ್ಬರಂತೆ ಅದೇ ವೇಷವನ್ನು ತೊಟ್ಟಿದ್ದರು. ಜೇಡವು ಕಚ್ಚಿದ ಕತೆಯನ್ನೂ ಚಿಕ್ಕಪ್ಪನು ಸತ್ತ ಕತೆಯನ್ನೂ ನಾವು ಬೇಸರ ಬರುವಷ್ಟು ಸಲ ನೋಡಿಯಾಗಿತ್ತು. ಹೀಗಿರುವಾಗ, 2018ರ ಡಿಸೆಂಬರಿನಲ್ಲಿ ‘ಸ್ಪೈಡರ್-ಮ್ಯಾನ್: ಇನ್‌ಟು ದ ಸ್ಪೈಡರ್-ವರ್ಸ್’ ಎಂಬ ಇನ್ನೊಂದು ಚಿತ್ರವು ಬರಲಿದೆಯೆಂಬ ವಾರ್ತೆಯನ್ನು ಓದಿ ನನಗೆ ಉತ್ಸಾಹವೇನೂ ಹುಟ್ಟಲಿಲ್ಲ.

ನನ್ನ ಸಂದೇಹಗಳು ನಾಲ್ಕು. ಮೊದಲನೆಯದು, ಹೇಳಿದ ಕತೆಯನ್ನೇ ಏಳನೆಯ ಸಲ ಹೇಳುವ ಅಗತ್ಯವೇನು? ಎರಡನೆಯದು, ಇದು ನಟರು ನಟಿಸಿದ ಚಿತ್ರವಲ್ಲ, ಬರೆದ ಚಿತ್ರಗಳನ್ನು ಚಲಿಸುವಂತೆ ಮಾಡಿದ ವ್ಯಂಗ್ಯಚಿತ್ರ. ಜೀವಂತ ನಟರು ತೋರಿಸಲಾರದ್ದನ್ನು ಬಣ್ಣದ ಬೊಂಬೆಗಳು ತೋರಿಸಬಲ್ಲವೇ? ಮೂರನೆಯದು, ಇದರಲ್ಲಿ ಒಬ್ಬನಲ್ಲ, ಆರು ಮಂದಿ ಜೇಡವೀರರು, ಅವರಲ್ಲೊಬ್ಬ ಹಂದಿ! ನಾಲ್ಕನೆಯದು ನನ್ನ ಹೃದಯಕ್ಕೆ ಹತ್ತಿರವಾದದ್ದು: ಕಥಾನಾಯಕನು ಪೀಟರ್ ಪಾರ್ಕರನಲ್ಲ, ಮೈಲ್ಸ್ ಮೊರಾಲಿಸ್ ಎಂಬ ಹೊಸ ಹುಡುಗ. ಬ್ರಯನ್ ಮೈಕೆಲ್ ಬೆಂಡಿಸ್ ಎಂಬ ಲೇಖಕರೂ ಸಾರಾ ಪಿಕೆಲ್ಲಿ ಎಂಬ ಚಿತ್ರಕಾರ್ತಿಯೂ 2011ರಲ್ಲಿ ಸೃಷ್ಟಿಸಿದ ಈ ಹುಡುಗನ ಪರಿಚಯ ನನಗೆ ಇದ್ದಿತಾದರೂ, ಹಳೆಯ ಗೆಳೆಯನ ಕುರ್ಚಿಯಲ್ಲಿ ಬೇರೊಬ್ಬನು ಕುಳಿತುದನ್ನು ಕಂಡಾಗ ಆಗುವ ಕಸಿವಿಸಿ ಮಾತ್ರ ಹೋಗಿರಲಿಲ್ಲ.

ನಾನಾಗಿಯೇ ಆ ಚಿತ್ರಕ್ಕೆ ಹೋಗುತ್ತಿದ್ದೆನೋ ಇಲ್ಲವೋ. ಎಳೆದುಕೊಂಡು ಹೋದವನು ನನ್ನ ಅಕ್ಕನ ಮಗ. ಅವನು ಆ ವರ್ಷ ಕನ್ನಡ ಮಾಧ್ಯಮದಲ್ಲಿ ಹತ್ತನೆಯ ತರಗತಿಯಲ್ಲಿದ್ದನು. ಗಣಿತದಲ್ಲಿ ಬಲು ಚುರುಕು. ಆದರೆ ಮುಂದೆ ವಿಜ್ಞಾನ ಓದಲಾರೆನೆಂದು ದೀಪಾವಳಿಯ ಹೊತ್ತಿಗೇ ಮನೆಯಲ್ಲಿ ಸಾರಿಬಿಟ್ಟಿದ್ದನು. ಕಾರಣವನ್ನು ತಾಯಿಗೆ ಹೇಳದವನು ನನ್ನೊಡನೆ ಹೇಳಿದ್ದನು: “ಮಾವ, ಕಾಲೇಜಿನಲ್ಲಿ ಎಲ್ಲರೂ ಇಂಗ್ಲಿಷಿನಲ್ಲಿಯೇ ಹುಟ್ಟಿದವರ ಹಾಗೆ ಮಾತಾಡುತ್ತಾರಂತೆ. ಅವರ ನಡುವೆ ನಾನು ಎದ್ದು ನಿಂತು ಏನು ಹೇಳಲಿ?” ಕನ್ನಡ ಶಾಲೆಯ ಬಾಗಿಲನ್ನು ದಾಟಿ ನಗರದ ದೊಡ್ಡ ಕಾಲೇಜಿನ ಬಾಗಿಲಿಗೆ ಬಂದು ನಿಂತ ಪ್ರತಿಯೊಬ್ಬ ಹುಡುಗನಿಗೂ ಹುಡುಗಿಗೂ ಈ ಪ್ರಶ್ನೆಯ ಬಿಸಿ ತಟ್ಟಿಯೇ ಇರುತ್ತದೆ. ಅಂದು ಅವನಿಗೆ ನಾನು ಕೊಟ್ಟ ಬುದ್ಧಿವಾದವು ದೊಡ್ಡವರೆಲ್ಲರೂ ಕೊಡುವಂಥದೇ. ಅದರಿಂದ ಅವನಿಗೆ ಸಮಾಧಾನವಾಗಲಿಲ್ಲ. ಅದನ್ನು ಅಲ್ಲಿಗೇ ಬಿಟ್ಟು ನಾವಿಬ್ಬರೂ ಒಂದು ಭಾನುವಾರ ಚಿತ್ರಮಂದಿರಕ್ಕೆ ಹೊರಟೆವು.

ಚಿತ್ರದ ಕತೆಯನ್ನು ಸಂಕ್ಷೇಪವಾಗಿ ಹೇಳುತ್ತೇನೆ. ನ್ಯೂಯಾರ್ಕಿನ ಬ್ರೂಕ್ಲಿನ್ ಎಂಬ ಭಾಗದಲ್ಲಿ ಮೈಲ್ಸನ ಮನೆ. ತಂದೆ ಆಫ್ರಿಕನ್ ಮೂಲದ ಅಮೆರಿಕನ್ ಪೋಲೀಸ್ ಅಧಿಕಾರಿ. ತಾಯಿ ಪೋರ್ಟೊರಿಕೊ ಮೂಲದ ದಾದಿ. ಮನೆಯಲ್ಲಿ ತಾಯಿಯೊಡನೆ ಸ್ಪ್ಯಾನಿಷ್, ಹೊರಗೆ ಇಂಗ್ಲಿಷ್. ಓಣಿಯಲ್ಲಿ ನಡೆದು ಹೋಗುವಾಗ ಹಳೆಯ ಶಾಲೆಯ ಗೆಳೆಯರನ್ನು ಕಂಡು ಅವನು ಒಂದು ಮಾತನ್ನು ಒಂದು ಭಾಷೆಯಲ್ಲಿಯೂ ಮತ್ತೊಂದನ್ನು ಇನ್ನೊಂದರಲ್ಲಿಯೂ ಆಡುತ್ತಾನೆ. ತಾಯಿಯ ಸ್ಪ್ಯಾನಿಷ್ ಮಾತಿಗೆ ಚಿತ್ರದವರು ಅಡಿಬರಹವನ್ನು ಕೂಡ ಹಾಕಿಲ್ಲ. ಮನೆಯ ಮಾತಿಗೆ ಸಮಜಾಯಿಷಿ ಏಕೆ ಬೇಕು? ಬಸ್ಸಿನಲ್ಲಿ ಮರಾಠಿ, ಅಂಗಡಿಯಲ್ಲಿ ಹಿಂದಿ, ಮನೆಯಲ್ಲಿ ತುಳುವೋ ಕೊಂಕಣಿಯೋ, ಶಾಲೆಯಲ್ಲಿ ಕನ್ನಡ ಎಂದು ನಾಲ್ಕು ನಾಲಗೆಗಳಲ್ಲಿ ಬದುಕುವ ನಮ್ಮ ಮಕ್ಕಳಿಗೆ ಆ ಓಣಿಯು ತಮ್ಮದೇ ಓಣಿಯೆಂದು ಅನ್ನಿಸಿದರೆ ಆಶ್ಚರ್ಯವಿಲ್ಲ.

ಇಂತಹ ಹುಡುಗನಿಗೆ ಒಂದು ದೊಡ್ಡ ವಸತಿಶಾಲೆಯಲ್ಲಿ ಸ್ಥಳ ದೊರೆಯುತ್ತದೆ. ಅಲ್ಲಿಯ ಸಮವಸ್ತ್ರ, ಅಲ್ಲಿಯ ಪುಸ್ತಕಗಳ ಭಾರ, ಅಲ್ಲಿಯ ಮಕ್ಕಳ ಮಾತು ಎಲ್ಲವೂ ಅವನಿಗೆ ಪರಕೀಯ. ಚೀಟಿಯೆತ್ತಿದ ಅದೃಷ್ಟದಿಂದ ತಾನು ಅಲ್ಲಿಗೆ ಬಂದೆನೆಂಬುದು ಅವನ ಎಣಿಕೆ. ಪ್ರವೇಶಪರೀಕ್ಷೆಯಲ್ಲಿ ಎಲ್ಲರಂತೆ ತೇರ್ಗಡೆಯಾಗಿಯೇ ಬಂದವನು ನೀನು ಎಂಬುದು ತಂದೆಯ ವಾದ. ಪೋಲೀಸ್ ಕಾರಿನಲ್ಲಿ ಮಗನನ್ನು ಶಾಲೆಯ ಬಾಗಿಲಿಗೆ ತಂದಿಳಿಸಿದ ಆ ತಂದೆಯು, ‘ನಿನ್ನನ್ನು ಪ್ರೀತಿಸುತ್ತೇನೆ’ ಎಂಬ ಮಾತನ್ನು ಎಲ್ಲ ಸಹಪಾಠಿಗಳ ಎದುರಿಗೆ ಧ್ವನಿವರ್ಧಕದಲ್ಲಿ ಕೇಳಿ ಪಡೆಯದೆ ಬಿಡುವುದಿಲ್ಲ. ಚಿತ್ರಮಂದಿರವೆಲ್ಲ ನಕ್ಕಿತು, ಹದಿನೈದು ವರ್ಷದ ಹುಡುಗರ ಕಿವಿಗಳು ಮಾತ್ರ ಕೆಂಪಾಗಿರಬೇಕು.

ಹೇಗಾದರೂ ಆ ಶಾಲೆಯಿಂದ ತಪ್ಪಿಸಿಕೊಂಡು ಹಳೆಯ ಶಾಲೆಗೆ ಮರಳಬೇಕೆಂದು ಮೈಲ್ಸನು ಒಂದು ಉಪಾಯವನ್ನು ಹೂಡುತ್ತಾನೆ. ಸರಿಯೋ ತಪ್ಪೋ ಎಂದು ಗುರುತು ಹಾಕುವ ಪರೀಕ್ಷೆಯೊಂದರಲ್ಲಿ ಎಲ್ಲ ಪ್ರಶ್ನೆಗಳಿಗೂ ತಪ್ಪು ಉತ್ತರವನ್ನೇ ಬರೆದು ಸೊನ್ನೆ ಪಡೆಯುತ್ತಾನೆ. ಅಧ್ಯಾಪಕಿ ಜಾಣೆ. ಕಣ್ಣು ಕಟ್ಟಿಕೊಂಡು ಗುರುತು ಹಾಕಿದವನಿಗೂ ಅರ್ಧದಷ್ಟು ಅಂಕಗಳು ಬರುತ್ತವೆ. ಒಂದೂ ಸರಿಯಾಗದಂತೆ ಬರೆಯಬೇಕಾದರೆ ಎಲ್ಲ ಸರಿಯುತ್ತರಗಳೂ ಗೊತ್ತಿರಲೇಬೇಕೆಂದು ಅವಳು ತಿಳಿಯುತ್ತಾಳೆ. ಸೊನ್ನೆಯನ್ನು ಅಳಿಸಿ ನೂರು ಅಂಕ ಕೊಟ್ಟು, ನಿನ್ನ ಬಗ್ಗೆ ನೀನೇ ಒಂದು ಪ್ರಬಂಧವನ್ನು ಬರೆದು ತಾ ಎಂದು ಆಜ್ಞಾಪಿಸುತ್ತಾಳೆ. ನನ್ನ ಪಕ್ಕದಲ್ಲಿ ಅಲ್ಲಿಯವರೆಗೆ ಕಡಲೆಕಾಯಿ ಮೆಲ್ಲುತ್ತಿದ್ದ ಹುಡುಗನು ಈ ಪ್ರಸಂಗದಲ್ಲಿ ಕೈಯನ್ನು ಹಾಗೆಯೇ ನಿಲ್ಲಿಸಿ ಕುಳಿತುದನ್ನು ನಾನು ಓರೆಗಣ್ಣಿನಿಂದ ಗಮನಿಸಿದೆನು.

ಮುಂದೆ ಸುರಂಗವೊಂದರಲ್ಲಿ ಅವನನ್ನೂ ಜೇಡ ಕಚ್ಚುತ್ತದೆ. ಕಿಂಗ್‌ಪಿನ್ ಎಂಬ ಖಳನು ಸತ್ತುಹೋದ ತನ್ನ ಹೆಂಡತಿಯನ್ನೂ ಮಗನನ್ನೂ ಬೇರೆ ವಿಶ್ವಗಳಿಂದ ಎಳೆದು ತರಲು ನೆಲದಡಿಯಲ್ಲಿ ಒಂದು ಮಹಾಯಂತ್ರವನ್ನು ಕಟ್ಟಿಸಿದ್ದಾನೆ. ಅದನ್ನು ತಡೆಯಲು ಹೋದ ಪೀಟರ್ ಪಾರ್ಕರನು ಮೈಲ್ಸನ ಕಣ್ಣೆದುರಿಗೇ ಸಾಯುತ್ತಾನೆ. ಸಾಯುವ ಮುನ್ನ ಯಂತ್ರವನ್ನು ನಿಲ್ಲಿಸುವ ಹೊಣೆಯನ್ನು ಹುಡುಗನಿಗೆ ಒಪ್ಪಿಸುತ್ತಾನೆ. ಯಂತ್ರದ ಎಡವಟ್ಟಿನಿಂದ ಬೇರೆ ಬೇರೆ ವಿಶ್ವಗಳ ಜೇಡವೀರರು ಇಲ್ಲಿಗೆ ಬಂದು ಬೀಳುತ್ತಾರೆ. ಅವರೆಲ್ಲರೂ ಸೇರಿ ಯಂತ್ರವನ್ನು ಕೆಡಿಸಿ, ತಂತಮ್ಮ ಲೋಕಗಳಿಗೆ ಮರಳುವುದೇ ಮುಂದಿನ ಕತೆ.

ಈಗ ನನ್ನ ಸಂದೇಹಗಳ ವಿಚಾರ. ಅವು ಆಧಾರವಿಲ್ಲದವುಗಳಾಗಿರಲಿಲ್ಲ. ಚಿತ್ರವನ್ನು ರಚಿಸಿದವರಿಗೂ ಅವು ಗೊತ್ತಿದ್ದವೆಂದೇ ನನ್ನ ನಂಬಿಕೆ. ಏಕೆಂದರೆ ಒಂದೊಂದಕ್ಕೂ ಅವರು ಉತ್ತರವನ್ನು ಸಿದ್ಧಪಡಿಸಿದ್ದರು.

ಹೇಳಿದ ಕತೆಯನ್ನು ಮತ್ತೆ ಏಕೆ ಹೇಳಬೇಕೆಂಬ ಪ್ರಶ್ನೆಗೆ ಯಕ್ಷಗಾನವನ್ನು ಬಲ್ಲವರು ಸುಲಭವಾಗಿ ಉತ್ತರ ಹೇಳಬಲ್ಲರು. ಕರ್ಣಪರ್ವದ ಕೊನೆಗೆ ಕರ್ಣನು ಸಾಯುತ್ತಾನೆಂಬುದು ನೆಲದ ಮೇಲೆ ಚಾಪೆ ಹಾಸಿ ಕುಳಿತ ಮುದುಕಿಗೂ ಗೊತ್ತು. ಆದರೂ ಬೆಳಗಿನ ಜಾವದವರೆಗೆ ಅವಳು ಕಣ್ಣು ಮುಚ್ಚುವುದಿಲ್ಲ. ಈ ಸಲದ ವೇಷಧಾರಿಯು ಕರ್ಣನ ಬಾಯಿಂದ ಯಾವ ಹೊಸ ಅರ್ಥವನ್ನು ನುಡಿಸುವನೆಂಬುದೇ ಅವಳ ಕುತೂಹಲ. ಹಳೆಯ ಪ್ರಸಂಗವು ಬೇಸರ ತರುವುದಿಲ್ಲ. ಅರ್ಥ ಹೇಳಲರಿಯದ ಅರ್ಥಧಾರಿಯು ಬೇಸರ ತರುತ್ತಾನೆ. ಈ ಚಿತ್ರವು ಹಳೆಯ ಪ್ರಸಂಗವನ್ನು ಮುಚ್ಚಿಡಲಿಲ್ಲ. ಜೇಡವೀರರು ಒಬ್ಬೊಬ್ಬರು ಬಂದಾಗಲೂ ತಮ್ಮ ಪೂರ್ವಕಥೆಯನ್ನು ಅದೇ ಒಕ್ಕಣೆಯಲ್ಲಿ ಸರಸರನೆ ಹೇಳಿ ಮುಗಿಸುತ್ತಾರೆ. ನಿಮಗೆ ಇದೆಲ್ಲ ಗೊತ್ತು ತಾನೆ ಎಂದು ನಮ್ಮೊಡನೆಯೇ ನಗುತ್ತಾರೆ. ಹೊಸ ಅರ್ಥವು ಮೈಲ್ಸನಿಗೆ ಮೀಸಲು. ಪೀಟರನ ಕತೆಯ ಪ್ರಶ್ನೆ, ಶಕ್ತಿ ಬಂದವನು ಅದನ್ನು ಹೇಗೆ ಬಳಸಬೇಕೆಂಬುದು. ಮೈಲ್ಸನ ಕತೆಯ ಪ್ರಶ್ನೆ, ತನಗೆ ದೊರೆತ ಸ್ಥಾನಕ್ಕೆ ತಾನು ಯೋಗ್ಯನೆಂದು ಹುಡುಗನೊಬ್ಬನು ನಂಬುವುದು ಹೇಗೆ ಎಂಬುದು.

ಎರಡನೆಯ ಸಂದೇಹಕ್ಕೆ ದೊರೆತ ಉತ್ತರವು ಕಣ್ಣಿಗೆ ಹಬ್ಬವಾಗಿದ್ದಿತು. ಅಗ್ಗದ ಕಾಗದದ ಮೇಲೆ ಕೆಲವೇ ಶಾಯಿಗಳಿಂದ ನಾನಾ ಬಣ್ಣಗಳನ್ನು ಮೂಡಿಸಲು ಹಿಂದಿನ ಮುದ್ರಕರು ಸಣ್ಣ ಸಣ್ಣ ಚುಕ್ಕೆಗಳನ್ನು ಬಳಸುತ್ತಿದ್ದರು. ಅದಕ್ಕೆ ಬೆನ್-ಡೇ ಚುಕ್ಕೆಗಳೆಂದು ಹೆಸರು. ಮುದ್ರಣದಲ್ಲಿ ಅಚ್ಚು ಸ್ವಲ್ಪ ಜರುಗಿದರೆ ಬಣ್ಣವು ಗೆರೆಯಿಂದ ಹೊರಗೆ ಚೆಲ್ಲಿದಂತೆ ಕಾಣುತ್ತಿತ್ತು. ಈ ಚಿತ್ರದ ಕಲಾವಿದರು ಆ ಚುಕ್ಕೆಗಳನ್ನೂ, ಆ ಜರುಗಿದ ಬಣ್ಣವನ್ನೂ ಬೇಕೆಂದೇ ಪರದೆಯ ಮೇಲೆ ತಂದರು. ದೂರದ ವಸ್ತುಗಳನ್ನು ಮಸುಕಾಗಿಸುವ ಬದಲು ಅವುಗಳ ಬಣ್ಣಗಳನ್ನು ಬೇರ್ಪಡಿಸಿದರು. ಜೇಡ ಕಚ್ಚಿದ ಮೇಲೆ ಮೈಲ್ಸನ ಮನಸ್ಸಿನ ಮಾತುಗಳು ಚಿತ್ರಪುಸ್ತಕದಲ್ಲಿರುವಂತೆ ಚೌಕಗಳಾಗಿ ಅವನ ತಲೆಯ ಸುತ್ತ ಮೂಡತೊಡಗುತ್ತವೆ. ಕಿಂಗ್ಸ್ ಸರ್ಕಲ್ಲಿನ ರಾಶಿಯಿಂದ ನಾನು ಹೆಕ್ಕಿ ತಂದ ಪುಟಗಳೇ ಎದ್ದು ಓಡಾಡಿದಂತೆ ನನಗೆ ಭಾಸವಾಯಿತು. ಜೀವಂತ ನಟರ ಚಿತ್ರಗಳು ಪುಸ್ತಕವನ್ನು ಬಿಟ್ಟು ದೂರ ಬಂದಿದ್ದವು. ಇದು ಪುಸ್ತಕದ ಒಳಗಿನಿಂದಲೇ ಹುಟ್ಟಿದ್ದಿತು.

ಇನ್ನೊಂದು ಸೂಕ್ಷ್ಮವನ್ನು ಹೇಳಲೇಬೇಕು. ಚಲನಚಿತ್ರದಲ್ಲಿ ಒಂದು ಸೆಕೆಂಡಿಗೆ 24 ಚಿತ್ರಗಳು ಓಡುತ್ತವೆ. ಚಲನೆಯನ್ನು ಬರೆಯುವವರು ಪ್ರತಿಯೊಂದು ಚಿತ್ರಕ್ಕೂ ಹೊಸ ಭಂಗಿಯನ್ನು ಕೊಟ್ಟರೆ ನಡಿಗೆ ನೀರಿನಂತೆ ನುಣುಪಾಗುತ್ತದೆ. ಒಂದೇ ಭಂಗಿಯನ್ನು ಎರಡೆರಡು ಚಿತ್ರಗಳ ಕಾಲ ನಿಲ್ಲಿಸಿದರೆ ಸೆಕೆಂಡಿಗೆ 12 ಭಂಗಿಗಳು ಮಾತ್ರ ಉಳಿದು ನಡಿಗೆ ಸ್ವಲ್ಪ ತೊಡರುತ್ತದೆ. ಕಾಡಿನಲ್ಲಿ ಪೀಟರನೊಡನೆ ಮೈಲ್ಸನು ಮೊದಲ ಸಲ ಬಲೆಯೆಸೆದು ತೂಗುವಾಗ, ಪಳಗಿದ ಪೀಟರನಿಗೆ 24 ಭಂಗಿಗಳು, ಕಲಿಯುವ ಮೈಲ್ಸನಿಗೆ 12. ಇಬ್ಬರೂ ಒಂದೇ ದೃಶ್ಯದಲ್ಲಿದ್ದರೂ ಹುಡುಗನು ಗುರುವಿಗಿಂತ ಅರ್ಧ ಹೆಜ್ಜೆ ಹಿಂದಿರುವಂತೆ ಕಾಣುತ್ತಾನೆ. ಅವನು ಪಳಗಿದಂತೆ ಚಲನೆಯೂ ನುಣುಪಾಗುತ್ತದೆ. ನೋಡುವವನಿಗೆ ಲೆಕ್ಕ ತಿಳಿಯದಿದ್ದರೂ ತೊಡರು ತಿಳಿಯುತ್ತದೆ. ಹೊಸ ತರಗತಿಯಲ್ಲಿ ಎಲ್ಲರೂ ನಕ್ಕು ಮುಗಿಸಿದ ಮೇಲೆ ಹಾಸ್ಯವು ಅರ್ಥವಾದ ಹುಡುಗನ ಪಾಡನ್ನು ಇದಕ್ಕಿಂತ ಚೆನ್ನಾಗಿ ಯಾವ ನಟನು ತೋರಿಸಬಲ್ಲನು?

ಮೂರನೆಯದು ಗುಂಪಿನ ಸಂದೇಹ. ಗ್ವೆನ್ ಎಂಬ ಹುಡುಗಿ, 1930ರ ದಶಕದಿಂದ ಬಂದ ಕಪ್ಪುಬಿಳುಪಿನ ಪತ್ತೇದಾರ, ಭವಿಷ್ಯದಿಂದ ಯಂತ್ರಸಮೇತಳಾಗಿ ಬಂದ ಜಪಾನಿ ಅಮೆರಿಕನ್ ಬಾಲಿಕೆ, ಮಾತನಾಡುವ ಹಂದಿ: ಒಬ್ಬೊಬ್ಬರನ್ನೂ ಬೇರೆ ಬೇರೆ ಶೈಲಿಯಲ್ಲಿ ಬರೆದುದರಿಂದ ಒಬ್ಬರು ಮತ್ತೊಬ್ಬರಲ್ಲಿ ಕಲೆಸಿಹೋಗುವುದಿಲ್ಲ. ಬಂದವರು ನಗಿಸುತ್ತಾರೆ, ಆದರೆ ಸುಮ್ಮನೆ ನಗಿಸಲು ಬಂದವರಲ್ಲ. ಮೈಲ್ಸನ ಪ್ರೀತಿಯ ಚಿಕ್ಕಪ್ಪನು ತೀರಿಕೊಂಡಾಗ ಅವರೆಲ್ಲರೂ ಅವನ ಕೋಣೆಗೆ ಬಂದು, ತಾವೂ ಒಬ್ಬೊಬ್ಬರನ್ನು ಕಳೆದುಕೊಂಡವರೆಂದು ಹೇಳುತ್ತಾರೆ. ಬೇರೆ ಬೇರೆ ಲೋಕಗಳಿಂದ ಬಂದವರ ದುಃಖವು ಒಂದೇ ಆಗಿರುವುದನ್ನು ಕಂಡಾಗ ಹಂದಿಯ ಮೇಲಿನ ನನ್ನ ಆಕ್ಷೇಪಣೆಯನ್ನು ನಾನು ಹಿಂದಕ್ಕೆ ತೆಗೆದುಕೊಂಡೆನು.

ನಾಲ್ಕನೆಯದಕ್ಕೆ ಚಿತ್ರವು ಕೊಟ್ಟ ಉತ್ತರವೇ ಎಲ್ಲಕ್ಕಿಂತ ಉದಾರವಾದುದು. ನನ್ನ ಹಳೆಯ ಗೆಳೆಯನನ್ನು ಅದು ಕುರ್ಚಿಯಿಂದ ಎಬ್ಬಿಸಲಿಲ್ಲ. ಗುರುವಿನ ಪೀಠಕ್ಕೆ ಏರಿಸಿತು. ಬೇರೊಂದು ವಿಶ್ವದಿಂದ ಬಂದ ಈ ಪೀಟರನಿಗೆ ಹೊಟ್ಟೆ ಬಂದಿದೆ, ಸಂಸಾರ ಮುರಿದಿದೆ, ಉತ್ಸಾಹ ಬತ್ತಿದೆ. ಒಲ್ಲದ ಮನಸ್ಸಿನಿಂದಲೇ ಕಲಿಸಲು ಒಪ್ಪಿದವನು ಕಲಿಸುತ್ತ ಕಲಿಸುತ್ತ ತಾನೇ ಚೇತರಿಸಿಕೊಳ್ಳುತ್ತಾನೆ. ತಾನು ಸಿದ್ಧನಾಗಿರುವೆನೆಂದು ತನಗೆ ಯಾವಾಗ ತಿಳಿಯುವುದೆಂದು ಹುಡುಗನು ಕೇಳಿದಾಗ, ಅದು ಮುಂದಾಗಿ ತಿಳಿಯುವುದೇ ಇಲ್ಲ, ನಂಬಿಕೆಯಿಟ್ಟು ನೆಗೆಯಬೇಕು ಎಂಬ ಅಭಿಪ್ರಾಯದ ಉತ್ತರವನ್ನು ಕೊಡುತ್ತಾನೆ. ಕೊನೆಯಲ್ಲಿ ತನ್ನ ಲೋಕಕ್ಕೆ ಮರಳಿ ಮುರಿದ ಸಂಸಾರವನ್ನು ಎದುರಿಸಲು ಗುರುವೇ ಅಳುಕಿದಾಗ, ಅದೇ ಮಾತನ್ನು ಶಿಷ್ಯನು ಗುರುವಿಗೆ ಹಿಂತಿರುಗಿಸುತ್ತಾನೆ.

ಚಿತ್ರದ ಹೃದಯವಿರುವುದು ಇದಕ್ಕೂ ಮುಂಚೆ ಬರುವ ಎರಡು ದೃಶ್ಯಗಳಲ್ಲಿ. ಸಿದ್ಧನಾಗಿಲ್ಲವೆಂದು ಮೈಲ್ಸನನ್ನು ಕುರ್ಚಿಗೆ ಕಟ್ಟಿ, ಬಾಯಿಗೂ ಬಲೆಯನ್ನು ಬಿಗಿದು ಉಳಿದವರು ಯುದ್ಧಕ್ಕೆ ಹೋಗಿರುತ್ತಾರೆ. ಆಗ ತಂದೆಯು ಬಂದು ಮುಚ್ಚಿದ ಬಾಗಿಲಿನ ಆಚೆ ನಿಂತು ಮಾತನಾಡುತ್ತಾನೆ. ಮಗನು ಒಳಗಿರುವನೆಂದು ಅವನಿಗೆ ಗೊತ್ತು. ಮಗನ ಬಾಯಿ ಕಟ್ಟಿದೆಯೆಂದು ಗೊತ್ತಿಲ್ಲ. ನಿನ್ನೊಳಗೆ ಒಂದು ಕಿಡಿಯಿದೆ, ಅದನ್ನು ನೀನು ಯಾವುದಕ್ಕೆ ಬಳಸಿದರೂ ಚೆನ್ನಾಗಿಯೇ ಬಳಸುವೆ ಎಂಬ ಅರ್ಥದ ನಾಲ್ಕು ಮಾತುಗಳನ್ನಾಡಿ, ಉತ್ತರಕ್ಕೆ ಕಾದು, ಉತ್ತರವಿಲ್ಲದೆಯೇ ಹೊರಟುಹೋಗುತ್ತಾನೆ. ಪೋಲೀಸರ ಜರ್ಬಿನಲ್ಲಿ ಮಗನನ್ನು ಗದರಿಸುತ್ತಿದ್ದ ಆ ದೊಡ್ಡ ಶರೀರದ ಮನುಷ್ಯನು ಬಾಗಿಲಿಗೆ ಮುಖವಿಟ್ಟು ನಿಂತ ಚಿತ್ರವು ನನ್ನ ಕಣ್ಣಿನಿಂದ ಇನ್ನೂ ಮರೆಯಾಗಿಲ್ಲ.

ಆಮೇಲೆ ಹುಡುಗನು ಕಟ್ಟನ್ನು ತಾನೇ ಬಿಡಿಸಿಕೊಳ್ಳುತ್ತಾನೆ. ಪೀಟರನ ವೇಷಕ್ಕೆ ತನ್ನದೇ ಕಪ್ಪು ಬಣ್ಣವನ್ನು ಹಚ್ಚುತ್ತಾನೆ. ಮುಗಿಲೆತ್ತರದ ಕಟ್ಟಡದ ತುದಿಗೆ ಹೋಗಿ ನಿಲ್ಲುತ್ತಾನೆ. ನೆಗೆಯುವ ಗಳಿಗೆಯಲ್ಲಿ ಬೆರಳುಗಳು ಹೆದರಿಕೆಯಿಂದ ಗಾಜಿಗೆ ಇನ್ನೂ ಅಂಟಿಕೊಂಡೇ ಇರುತ್ತವೆ. ಅವನು ಹಾರಿದಾಗ ಗಾಜಿನ ಚೂರುಗಳು ಅವನ ಕೈಯೊಡನೆಯೇ ಕಿತ್ತು ಬರುತ್ತವೆ. ಧೈರ್ಯವೆಂದರೆ ಭಯದ ಅಭಾವವಲ್ಲವೆಂದು ಎಷ್ಟು ಪುಸ್ತಕಗಳು ಹೇಳಿದರೂ ಆ ಗಾಜಿನ ಚೂರುಗಳಷ್ಟು ಸ್ಪಷ್ಟವಾಗಿ ಹೇಳಲಾರವು. ಒಡನೆಯೇ ದೃಶ್ಯವು ತಲೆಕೆಳಗಾಗುತ್ತದೆ. ಬೀಳುತ್ತಿರುವ ಹುಡುಗನು ದೀಪಗಳ ನಗರದ ಕಡೆಗೆ ಏರುತ್ತಿರುವಂತೆ ತೋರುತ್ತಾನೆ.

ಆ ಹೊತ್ತಿನಲ್ಲಿ ನನ್ನ ನೆನಪಿಗೆ ಬಂದದ್ದು ಕಿಷ್ಕಿಂಧಾಕಾಂಡದ ಕೊನೆಯ ಭಾಗ. ಕಪಿವೀರರೆಲ್ಲ ಕಡಲತಡಿಯಲ್ಲಿ ಕೈಚೆಲ್ಲಿ ಕುಳಿತಾಗ ಹನುಮಂತನು ಒಂದೆಡೆ ಸುಮ್ಮನೆ ಕುಳಿತಿರುತ್ತಾನೆ. ಜಾಂಬವಂತನು ಅವನಿಗೆ ಹೊಸದಾಗಿ ಯಾವ ಬಲವನ್ನೂ ಕೊಡಲಿಲ್ಲ; ಇರುವ ಬಲವನ್ನು ನೆನಪಿಸಿದನು, ಅಷ್ಟೆ. ಬಾಗಿಲಿನ ಹಿಂದಿನ ತಂದೆಯೂ, ಸೊನ್ನೆಯಲ್ಲಿ ನೂರನ್ನು ಕಂಡ ಅಧ್ಯಾಪಕಿಯೂ, ಹೊಟ್ಟೆಯ ಪೀಟರನೂ ಮೈಲ್ಸನ ಪಾಲಿನ ಜಾಂಬವಂತರೆಂದರೆ ತಪ್ಪಾಗಲಾರದು. ಆದರೆ ನೆಗೆಯುವ ಕೆಲಸವನ್ನು ಜಾಂಬವಂತನು ಮಾಡಿಕೊಡಲಾರನು. ಅದು ಹನುಮಂತನದೇ.

ಚಿತ್ರವು ನಿರ್ದೋಷವೆಂದು ನಾನು ಹೇಳುವುದಿಲ್ಲ. ಕೊನೆಯ ಕಾಳಗದಲ್ಲಿ ಬಣ್ಣಗಳ ಅಬ್ಬರವು ಹೆಚ್ಚಾಗಿ ಕಣ್ಣು ದಣಿಯುತ್ತದೆ. ಪತ್ತೇದಾರನಿಗೂ ಬಾಲಿಕೆಗೂ ಇನ್ನಷ್ಟು ಅವಕಾಶವಿದ್ದಿದ್ದರೆ ಚೆನ್ನಾಗಿತ್ತು. ಆದರೆ ಊಟ ರುಚಿಯಾಗಿದ್ದಾಗ ಉಪ್ಪಿನಕಾಯಿಯ ಮಾತು ಬಹಳ ಹೊತ್ತು ಬೇಡ.

ಹಿಂದಿರುಗುವಾಗ ಲೋಕಲ್ ಗಾಡಿಯಲ್ಲಿ ನನ್ನ ಸೋದರಳಿಯನು ಬಹಳ ಹೊತ್ತು ಮಾತನಾಡಲಿಲ್ಲ. ಕೊನೆಗೆ, “ಮಾವ, ಆ ಟೀಚರ್ ಹೇಳಿದ ಲೆಕ್ಕ ಸರಿಯೇ?” ಎಂದು ಕೇಳಿದನು. “ನೀನೇ ಮಾಡಿ ನೋಡು ಮಾರಾಯ” ಎಂದೆನು. ಟಿಕೇಟಿನ ಹಿಂಬದಿಯಲ್ಲಿ ಅವನು ಲೆಕ್ಕ ಹಾಕಿದನು. ಒಂದು ಪ್ರಶ್ನೆ ತಪ್ಪಾಗುವ ಸಂಭವ ಎರಡರಲ್ಲಿ ಒಂದು. ಎರಡೂ ತಪ್ಪಾಗುವುದು ನಾಲ್ಕರಲ್ಲಿ ಒಂದು. ಹೀಗೆ ಹತ್ತು ಪ್ರಶ್ನೆಗಳಿಗೆ ಹೋಗುವಷ್ಟರಲ್ಲಿ 1024ರಲ್ಲಿ ಒಂದು. “ಹಾಗಾದರೆ ಸೊನ್ನೆ ತೆಗೆಯುವುದೂ ಸುಲಭವಲ್ಲ” ಎಂದು ನಕ್ಕನು. ಸ್ವಲ್ಪ ತಡೆದು, “ಅವನಿಗೆ ಉತ್ತರ ಬರುತ್ತಿರಲಿಲ್ಲ ಎಂದಲ್ಲ, ಅಲ್ಲಿ ಕುಳಿತುಕೊಳ್ಳಲು ಹೆದರಿಕೆ” ಎಂದನು. ನಾನು ಏನನ್ನೂ ಹೇಳಲಿಲ್ಲ. ಹೇಳಬೇಕಾದುದನ್ನು ಅವನೇ ಹೇಳಿಕೊಂಡಿದ್ದನು.

ಒಂದು ಚಿತ್ರದಿಂದ ಹುಡುಗನೊಬ್ಬನ ಬಾಳು ತಿರುಗಿತೆಂದು ಹೇಳುವುದು ಸಲ್ಲದು. ಆದರೆ 2019ರಲ್ಲಿ ಅವನು ವಿಜ್ಞಾನ ವಿಭಾಗಕ್ಕೇ ಅರ್ಜಿ ಹಾಕಿದನು. ಮೊದಲ ಮೂರು ತಿಂಗಳುಗಳು ಕಷ್ಟದಲ್ಲಿಯೇ ಕಳೆದವು. ಪಾಠದಲ್ಲಿ ಬಂದ ಒಂದೊಂದು ಇಂಗ್ಲಿಷ್ ಶಬ್ದದ ಪಕ್ಕದಲ್ಲಿಯೂ ವೇಗೋತ್ಕರ್ಷ, ದ್ಯುತಿಸಂಶ್ಲೇಷಣೆ ಎಂದು ತಾನು ಕನ್ನಡದಲ್ಲಿ ಕಲಿತ ಶಬ್ದವನ್ನು ಬರೆದುಕೊಳ್ಳುತ್ತಿದ್ದನು. ಕನ್ನಡದಲ್ಲಿ ಅರ್ಥವಾಗಿದ್ದ ವಿಷಯವು ಇಂಗ್ಲಿಷಿನಲ್ಲಿ ಬೇರೆಯಾಗಲಿಲ್ಲ. ಹೆಸರು ಮಾತ್ರ ಬೇರೆಯಾಯಿತು. ಒಂದು ದಿನ ತರಗತಿಯಲ್ಲಿ ಎದ್ದು ನಿಂತು ತೊಡರು ಮಾತಿನಲ್ಲಿಯೇ ಉತ್ತರ ಹೇಳಿದನೆಂದೂ, ಯಾರೂ ನಗಲಿಲ್ಲವೆಂದೂ ಅವನು ಬಂದು ಹೇಳಿದಾಗ ನನಗೆ ಆ 12 ಮತ್ತು 24ರ ಲೆಕ್ಕವು ನೆನಪಾಯಿತು.

ಚಿತ್ರಕ್ಕೂ ಲೋಕದ ಮನ್ನಣೆ ದೊರೆಯಿತು. ಬಾಬ್ ಪರ್ಸಿಚೆಟ್ಟಿ, ಪೀಟರ್ ರಾಮ್ಸಿ, ರಾಡ್ನಿ ರಾಥ್‌ಮನ್ ಎಂಬ ಮೂವರು ಅದರ ನಿರ್ದೇಶಕರು. 2019ರ ಫೆಬ್ರವರಿಯಲ್ಲಿ ಅದಕ್ಕೆ ಅತ್ಯುತ್ತಮ ಆನಿಮೇಷನ್ ಚಿತ್ರದ ಆಸ್ಕರ್ ಪ್ರಶಸ್ತಿ ಬಂದಿತು. ಆ ಪ್ರಶಸ್ತಿಯನ್ನು ಪಡೆದ ಮೊದಲನೆಯ ಆಫ್ರಿಕನ್ ಅಮೆರಿಕನ್ ನಿರ್ದೇಶಕರೆಂಬ ಕೀರ್ತಿಯು ರಾಮ್ಸಿಯವರದು. 2023ರಲ್ಲಿ ಬಂದ ಎರಡನೆಯ ಭಾಗದಲ್ಲಿ ಪವಿತ್ರ್ ಪ್ರಭಾಕರ್ ಎಂಬ ಭಾರತೀಯ ಜೇಡವೀರನೂ ಕಾಣಿಸಿಕೊಂಡನು. ಅವನ ಊರಿಗೆ ‘ಮುಂಬಾಟನ್’ ಎಂದು ಹೆಸರು: ನಮ್ಮ ಮುಂಬಯಿಯೂ ನ್ಯೂಯಾರ್ಕಿನ ಮ್ಯಾನ್‌ಹಾಟನ್ನೂ ಬೆರೆತ ನಗರ. ಆ ಚಿತ್ರವು ಭಾರತದಲ್ಲಿ ಹತ್ತು ಭಾಷೆಗಳಲ್ಲಿ ತೆರೆಕಂಡಿತು. ಅವುಗಳಲ್ಲಿ ಕನ್ನಡವೂ ಒಂದು. ಸೀಸದಕಡ್ಡಿ ಹಿಡಿದು ಅರ್ಥ ಬರೆದುಕೊಂಡಿದ್ದ ನನ್ನಂಥವರಿಗೆ, ಜೇಡವೀರನು ಕನ್ನಡದಲ್ಲಿ ಮಾತನಾಡುವುದನ್ನು ಕೇಳುವುದು ಸಣ್ಣ ಸಂತೋಷವಲ್ಲ.

ಮೆಚ್ಚಿದ ವಸ್ತುವಿನ ವಿಷಯದಲ್ಲಿ ಸಂದೇಹಪಡುವುದು ಅಭಿಮಾನಿಯ ಹಕ್ಕು. ಸಂದೇಹವಿಲ್ಲದ ಅಭಿಮಾನಕ್ಕೆ ರುಚಿಯ ಪರೀಕ್ಷೆಯೇ ಇರುವುದಿಲ್ಲ. ಆದರೆ ಸಂದೇಹವು ಕಣ್ಣನ್ನು ಮುಚ್ಚುವ ಬದಲು ಕಣ್ಣನ್ನು ತೆರೆಸಬೇಕು. ಇತರರ ವಿಷಯದಲ್ಲಿ ಮಾತ್ರವಲ್ಲ, ನಮ್ಮ ವಿಷಯದಲ್ಲಿ ನಮಗಿರುವ ಸಂದೇಹಕ್ಕೂ ಈ ಮಾತು ಸಲ್ಲುತ್ತದೆ.

ಈ ಚಿತ್ರದಲ್ಲಿ ಸ್ಟ್ಯಾನ್ ಲೀಯವರೇ ವೇಷಭೂಷಣಗಳನ್ನು ಮಾರುವ ಮುದುಕನಾಗಿ ಒಂದು ಗಳಿಗೆ ಕಾಣಿಸಿಕೊಳ್ಳುತ್ತಾರೆ. ಚಿತ್ರವು ತೆರೆಕಾಣುವ ಒಂದು ತಿಂಗಳ ಮುಂಚೆ, 2018ರ ನವೆಂಬರ್ 12ರಂದು, ಅವರು ಕಾಲವಾಗಿದ್ದರು. ಡಿಟ್ಕೋ ಅವರೂ ಅದೇ ವರ್ಷದ ಜೂನ್ ತಿಂಗಳಲ್ಲಿ ತೀರಿಕೊಂಡಿದ್ದರು. ಅಂಗಡಿಯಲ್ಲಿ ಜೇಡವೀರನ ಉಡುಪನ್ನು ಕೊಳ್ಳಲು ಬಂದ ಮೈಲ್ಸನು, ಅಳತೆಗೆ ಸರಿಹೋಗದಿದ್ದರೆ ಹಿಂತಿರುಗಿಸಬಹುದೇ ಎಂದು ಕೇಳುತ್ತಾನೆ. ಕೊನೆಗೊಂದು ದಿನ ಸರಿಹೋಗಿಯೇ ಹೋಗುತ್ತದೆಂಬ ಅಭಿಪ್ರಾಯದ ಉತ್ತರ ಮುದುಕನಿಂದ ಬರುತ್ತದೆ. ಆ ಮುದುಕನ ಬೆನ್ನ ಹಿಂದೆ, ಕೊಂಡದ್ದನ್ನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲವೆಂಬ ಫಲಕವೂ ತೂಗುತ್ತಿರುತ್ತದೆ. ವಿದ್ಯಾರ್ಥಿಮಿತ್ರರೇ, ನಾಳೆ ನೀವು ಹೋಗಿ ಸೇರುವ ಕಾಲೇಜೂ ಕೆಲಸವೂ ಮೊದಲ ದಿನ ದೊಗಳೆಯಾಗಿಯೇ ಕಾಣಬಹುದು. ಹಿಂತಿರುಗಿಸಲು ಓಡಬೇಡಿರಿ, ಉಡುಪನ್ನು ತೊಟ್ಟುಕೊಂಡೇ ಬೆಳೆಯಿರಿ.